ಆಗಸದಿಂದ ತೈಲಶೋಧ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯುಂಟೆಂದು ಊಹಿಸುವುದು ನಮ್ಮ ತರ್ಕಶಾಸ್ತ್ರದ ಹಳೆಯ ಉದಾಹರಣೆ. ಭೂಗರ್ಭದ ಎಣ್ಣೆಯನ್ನು ಮನುಷ್ಯನು ಮೊದಲು ಕಂಡುಕೊಂಡದ್ದೂ ಇಂತಹ ಕುರುಹುಗಳಿಂದಲೇ. ಹಿಮಾಚಲ ಪ್ರದೇಶದ ಜ್ವಾಲಾಮುಖಿಯಲ್ಲಿ ಬಂಡೆಯ ಬಿರುಕಿನಿಂದ ಅನಿಲ ಹೊಮ್ಮಿ ಉರಿಯುತ್ತದೆ. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಹಳ್ಳವೊಂದರ ನೀರಿನ ಮೇಲೆ ಎಣ್ಣೆ ತೇಲುತ್ತಿತ್ತು. ಅದರ ಬಳಿಯೇ 1859ರಲ್ಲಿ ಡ್ರೇಕ್ ಎಂಬಾತನು ಸುಮಾರು 69 ಅಡಿ ಕೊರೆಯಿಸಿ ತೈಲವನ್ನು ಪಡೆದನು. ಎಣ್ಣೆಯೂ ಅನಿಲವೂ ನೀರಿಗಿಂತ ಹಗುರ. ಶಿಲಾಪದರಗಳಲ್ಲಿ ಬಿರುಕು ದೊರೆತರೆ ಮೇಲಕ್ಕೆ ಒಸರುತ್ತವೆ.

ಆದರೆ ವಿಶಾಲವಾದ ಕಡಲಿನ ಮೇಲೆ, ಕೂದಲೆಳೆಗಿಂತ ತೆಳುವಾದ ಎಣ್ಣೆಪೊರೆಯನ್ನು ಹುಡುಕುವುದು ಹೇಗೆ? ಇದಕ್ಕೆ ಒದಗಿದುದು ಲೇಸರ್. 1960ರಲ್ಲಿ ಅಮೆರಿಕದ ಥಿಯೋಡೋರ್ ಮೇಮನ್ ಮೊದಲ ಲೇಸರನ್ನು ಬೆಳಗಿಸಿದನು. ದೀಪದ ಬೆಳಕು ಸುತ್ತಲೂ ಚೆದರುತ್ತದೆ, ಹಲವು ಬಣ್ಣಗಳ ಬೆರಕೆ. ಲೇಸರಿನದು ಒಂದೇ ಬಣ್ಣ, ಒಂದೇ ದಿಕ್ಕು. 1980ರ ದಶಕದಲ್ಲಿ ಬ್ರಿಟಿಷ್ ಪೆಟ್ರೋಲಿಯಂ ಕಂಪನಿಯು ಇದನ್ನು ವಿಮಾನದಲ್ಲಿರಿಸಿ ಸಮುದ್ರದ ಒಸರುಗಳನ್ನು ಹುಡುಕುವ ಕ್ರಮವನ್ನು ಬೆಳೆಸಿತು.

ಅದರ ಬಗೆ ಹೀಗೆ. ವಿಮಾನವು ಕೆಳಮಟ್ಟದಲ್ಲಿ ಹಾರುತ್ತ ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಮಿಡಿತ ಮಿಡಿತವಾಗಿ ನೀರಿನ ಮೇಲೆ ಬಿಡುತ್ತದೆ. ಎಣ್ಣೆಯ ಕೆಲವು ಅಂಶಗಳು ಆ ಕಿರಣವನ್ನು ಹೀರಿ, ಬೇರೊಂದು ಬಣ್ಣದ ಮಂದಪ್ರಭೆಯಾಗಿ ಹಿಂದಿರುಗಿಸುತ್ತವೆ. ಕಡಲ ಸೂಕ್ಷ್ಮಸಸ್ಯಗಳ ಪತ್ರಹರಿತ್ತೂ ಹೊಳೆಯುತ್ತದೆ. ಆದರೆ ಅದರ ಹೊಳಪು ಕೆಂಪು. ಹೊಳಪಿನ ಬಣ್ಣವನ್ನು ವಿಂಗಡಿಸಿ ಯಂತ್ರವು ಎರಡನ್ನೂ ಬೇರ್ಪಡಿಸುತ್ತದೆ.

ಅನಿಲಕ್ಕೆ ಬೇರೆ ಉಪಾಯ. ಮೀಥೇನ್ ಹೀರಿಕೊಳ್ಳುವ ಒಂದು ಕಿರಣ, ಹೀರಿಕೊಳ್ಳದ ಇನ್ನೊಂದು ಕಿರಣ, ಎರಡನ್ನೂ ನೆಲದತ್ತ ಕಳುಹಿಸುತ್ತಾರೆ. ಮರಳಿ ಬಂದಾಗ ಮೊದಲನೆಯದು ಎಷ್ಟು ಹೆಚ್ಚಾಗಿ ಕುಗ್ಗಿದೆಯೋ ಅದರಿಂದ ನಡುವಣ ಗಾಳಿಯಲ್ಲಿರುವ ಮೀಥೇನಿನ ಪ್ರಮಾಣ ತಿಳಿಯುತ್ತದೆ.

ಇಲ್ಲಿ ತಾರ್ಕಿಕನು ಎಚ್ಚರಿಸಬೇಕು. ಮಂಜನ್ನು ಹೊಗೆಯೆಂದು ಭ್ರಮಿಸುವುದುಂಟಲ್ಲವೆ? ಕಡಲ ಮೇಲಿನ ಪೊರೆ ಹಡಗೊಂದು ಚೆಲ್ಲಿದ ಎಣ್ಣೆಯಾಗಿರಬಹುದು. ಮೀಥೇನ್ ಜವುಗುನೆಲದಿಂದಲೂ ಏಳುತ್ತದೆ. ನಿಜವಾದ ಒಸರೇ ಆದರೂ, ನಿಕ್ಷೇಪವೆಲ್ಲ ಸೋರಿ ಬರಿದಾಗಿರಬಹುದು. ಬಿಗಿಯಾದ ಶಿಲೆಯ ಮುಚ್ಚಳವಿದ್ದಲ್ಲಿ ದೊಡ್ಡ ನಿಧಿಯಿದ್ದೂ ಮೇಲೆ ಸುಳಿವೇ ಇರದು. ಆದುದರಿಂದ ಲೇಸರ್ ತೋರಿದ ಎಡೆಯಲ್ಲಿ ಕಂಪನದ ಅಲೆಗಳಿಂದ ಪದರಗಳನ್ನು ಪರೀಕ್ಷಿಸುತ್ತಾರೆ. ಕೊನೆಯ ಸಾಕ್ಷಿ ಕೊರೆದ ಬಾವಿಯೇ. ಕಡಲಿನಲ್ಲಿ ಒಂದು ಬಾವಿಗೆ ಕೋಟಿಗಟ್ಟಲೆ ಹಣ ಬೇಕು. ಬರಿದಾದರೆ ಅಷ್ಟೂ ನಷ್ಟ. ಎಲ್ಲಿ ಕೊರೆಯಬಾರದೆಂಬ ಅರಿವಿಗೂ ಅದರಿಂದಲೇ ಬೆಲೆ.

ಇದೇ ಯಂತ್ರಕ್ಕೆ ಇಂದು ಮತ್ತೊಂದು ಕೆಲಸವುಂಟು. ಅನಿಲದ ಕೊಳವೆಗಳ ಮೇಲೆ ಹಾರಿ ಅದು ಸೋರಿಕೆಯನ್ನು ಪತ್ತೆಮಾಡುತ್ತದೆ. ಮೀಥೇನ್ 20 ವರ್ಷಗಳ ಅವಧಿಯಲ್ಲಿ, ಅದೇ ತೂಕದ ಇಂಗಾಲದ ಡೈಆಕ್ಸೈಡಿನ 80 ಪಟ್ಟಿಗೂ ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ನಿಮ್ಮ ಮನೆಯಲ್ಲಿ ಕೊಡ ಸೋರುತ್ತಿದ್ದರೆ ಮೊದಲು ತೂತನ್ನು ಮುಚ್ಚುತ್ತೀರಿ, ಆಮೇಲೆ ನೀರಿಗೆ ಹೋಗುತ್ತೀರಿ. ಭೂಮಿಯ ಮನೆವಾರ್ತೆಗೂ ಆ ವಿವೇಕ ಸಲ್ಲುತ್ತದೆ.