ರಕ್ಷಕರಿಗೆ ಕಲಿಸುವವರು ಯಾರು?



2019ರ ಮಾರ್ಚ್ 19ರ ಮಧ್ಯಾಹ್ನ ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದುಬಿದ್ದದ್ದು ನಿಮಗೆ ನೆನಪಿರಬಹುದು. 19 ಜನ ಸತ್ತರು. ಮೂರನೆಯ ದಿನವೂ ಅವಶೇಷದಡಿಯಿಂದ ಜೀವಂತವಾಗಿ ಹೊರಬಂದವರಿದ್ದರು. ಟಿವಿ ಮುಂದೆ ಕೂತಿದ್ದ ನಮಗೆಲ್ಲ ಆಗ ಒಂದೇ ಚಡಪಡಿಕೆ: ಯಾಕಿಷ್ಟು ನಿಧಾನ? ನಾಲ್ಕು ಜೆಸಿಬಿ ತಂದು ಸ್ಲ್ಯಾಬ್ ಎತ್ತಿ ಒಗೆಯಬಾರದೆ?

ಆ ನಿಧಾನವೇ ವಿದ್ಯೆ. ಸ್ಲ್ಯಾಬುಗಳು ಒಂದರ ಮೇಲೊಂದು ಕೂತಾಗ ನಡುವೆ ಅಲ್ಲಲ್ಲಿ ಪೊಟರೆಗಳು ಉಳಿಯುತ್ತವೆ. ಜೀವ ಉಳಿದಿದ್ದರೆ ಅಲ್ಲೇ ಉಳಿದಿರುತ್ತದೆ. ಈ ತುದಿಯಲ್ಲಿ ಭಾರ ಸರಿಸಿದರೆ ಆ ತುದಿಯ ಪೊಟರೆ ಮುಚ್ಚಿಕೊಳ್ಳಬಹುದು. ಆದ್ದರಿಂದ ತರಬೇತಾದ ತಂಡ ಮೊದಲು ಯಂತ್ರಗಳನ್ನೆಲ್ಲ ನಿಲ್ಲಿಸುತ್ತದೆ, ನೆರೆದ ಜನರನ್ನು ಸುಮ್ಮನಾಗಿಸುತ್ತದೆ. ಅವಶೇಷದ ಸುತ್ತ ನಿಂತ ರಕ್ಷಕರಲ್ಲಿ ಒಬ್ಬ ಕೂಗುತ್ತಾನೆ, ಉಳಿದವರು ಕಿವಿಗೊಡುತ್ತಾರೆ. ಆಮೇಲೆ ಇನ್ನೊಬ್ಬನ ಸರದಿ. ಎಲ್ಲಿಂದಲೋ ಒಂದು ಬಡಿತ ಕೇಳಿದರೆ ಅತ್ತ ದಾರಿ ಮಾಡುತ್ತಾರೆ. ಒಂದೊಂದು ಅಡಿ ಕೊರೆದಂತೆಲ್ಲ ಮರದ ತೊಲೆಗಳ ಊರೆ ಕೊಟ್ಟುಕೊಂಡೇ ಮುಂದೆ ಹೋಗಬೇಕು.

ಅಲ್ಲಿಗೆ ಮುಗಿಯಲಿಲ್ಲ. ತೊಡೆಯ ಮೇಲೆ ಕಂಬ ಬಿದ್ದು ಹಲವು ಗಂಟೆ ಸಿಕ್ಕಿಕೊಂಡವನು ಮಾತಾಡುತ್ತಿರುತ್ತಾನೆ, ನೀರು ಕೇಳುತ್ತಾನೆ. ಕಂಬ ಎತ್ತುತ್ತೀರಿ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಸ್ವಲ್ಪ ಹೊತ್ತಿಗೆ ಅವನು ಸಾಯುತ್ತಾನೆ. ಜಜ್ಜಿಹೋದ ಸ್ನಾಯುವಿನಿಂದ ಸೋರಿದ ಪೊಟ್ಯಾಶಿಯಂ, ಒತ್ತಡ ತಪ್ಪಿದೊಡನೆ ರಕ್ತಕ್ಕೆ ನುಗ್ಗಿ ಹೃದಯದ ಲಯ ಕೆಡಿಸುತ್ತದೆ. ಆ ಗಂಡಾಂತರ ಕಳೆದರೂ ಮೂತ್ರಪಿಂಡ ಕೈಕೊಡಬಹುದು. ಲಂಡನ್ನಿನ ಮೇಲೆ ಜರ್ಮನ್ನರ ಬಾಂಬುಗಳು ಬೀಳುತ್ತಿದ್ದ ಕಾಲದಲ್ಲಿ, 1941ರಲ್ಲಿ, ಎರಿಕ್ ಬೈವಾಟರ್ಸ್ ಎಂಬ ವೈದ್ಯ ಇದನ್ನು ವಿವರವಾಗಿ ದಾಖಲಿಸಿದ. ಆದ್ದರಿಂದ ಭಾರ ಎತ್ತುವ ಮೊದಲೇ, ಪೊಟರೆಯೊಳಗೆ ಮಲಗಿಕೊಂಡೇ, ಅವನ ರಕ್ತನಾಳಕ್ಕೆ ಸಲೈನ್ ಹಚ್ಚಬೇಕು. ಎದೆಗಾರಿಕೆಯೊಂದರಿಂದಲೇ ಇದು ಬರುವುದಿಲ್ಲ. 1985ರಲ್ಲಿ ಮೆಕ್ಸಿಕೋ ನಗರದ ಭೂಕಂಪದಲ್ಲಿ ನೆರವಿಗೆ ನುಗ್ಗಿದ ಸ್ವಯಂಸೇವಕರು ನೂರಾರು ಜನರನ್ನು ಉಳಿಸಿದರು ನಿಜ, ಆದರೆ ಅವರಲ್ಲೇ ಅನೇಕರು ಅವಶೇಷದೊಳಗೆ ಜೀವ ಬಿಟ್ಟರು.

ಈ ವಿದ್ಯೆ ನಮ್ಮ ದೇಶಕ್ಕೆ ಬಂದದ್ದು ಹೇಗೆ? ನಾಗಪುರದಲ್ಲಿ 1957ರಲ್ಲೇ ತುರ್ತು ಪರಿಹಾರಕ್ಕೊಂದು ಕೇಂದ್ರ ತರಬೇತಿ ಸಂಸ್ಥೆ ಶುರುವಾಗಿತ್ತು; ಮುಂದೆ ಅದೇ ರಾಷ್ಟ್ರೀಯ ನಾಗರಿಕ ರಕ್ಷಣಾ ಕಾಲೇಜು ಆಯಿತು. ಕುಸಿದ ಕಾಂಕ್ರೀಟಿನ ಪಾಠ ಮಾತ್ರ ವ್ಯವಸ್ಥಿತವಾಗಿ ಬಂದದ್ದು ತಡವಾಗಿ. 1998ರಲ್ಲಿ ಅಮೆರಿಕದ ನೆರವಿನಿಂದ ‘ಪೀರ್’ ಎಂಬ ಕಾರ್ಯಕ್ರಮ ಆರಂಭವಾಯಿತು. ಭಾರತ, ನೇಪಾಳ, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಮೊದಲ ನಾಲ್ಕು ದೇಶಗಳು. ಮೊದಲು ಬ್ಯಾಂಕಾಕಿನ ಸಂಸ್ಥೆಯೊಂದು ನಡೆಸಿತು, 2003ರ ನಂತರ ಕಠ್ಮಂಡುವಿನ ಭೂಕಂಪ ತಂತ್ರಜ್ಞಾನ ಸಂಸ್ಥೆ ಎನ್‌ಸೆಟ್ ವಹಿಸಿಕೊಂಡಿತು. ಭೂಕಂಪದ ವಿದ್ಯೆಯನ್ನು ಪುಟ್ಟ ನೇಪಾಳ ನೆರೆಹೊರೆಗೆಲ್ಲ ಹಂಚಿದ್ದು ನನಗೆ ಬಹಳ ಇಷ್ಟವಾದ ಸಂಗತಿ.

ಪೀರ್‌ನಲ್ಲಿ ಗಮನಿಸಬೇಕಾದದ್ದು ಅದರ ಏರ್ಪಾಟು. ಒಂದು ಕೋರ್ಸಿನಲ್ಲಿ ಸ್ಥಳದಲ್ಲೇ ಕೊಡುವ ವೈದ್ಯಕೀಯ ಪ್ರಥಮ ಚಿಕಿತ್ಸೆ, ಇನ್ನೊಂದರಲ್ಲಿ ಕುಸಿದ ಕಟ್ಟಡದಲ್ಲಿ ಶೋಧ ಮತ್ತು ರಕ್ಷಣೆ. ಅವುಗಳಲ್ಲಿ ಚೆನ್ನಾಗಿ ಪಳಗಿದವರನ್ನು ಆರಿಸಿ, ಪಾಠ ಹೇಳುವುದು ಹೇಗೆಂದು ಬೇರೆಯಾಗಿ ಕಲಿಸಿ, ಹಳೆಯ ಬೋಧಕರ ಕಣ್ಣೆದುರೇ ಅವರಿಂದ ಪಾಠ ಮಾಡಿಸುತ್ತಿದ್ದರು. ಹೊರಗಿನವರು ಹಿಂದೆ ಸರಿದ ಮೇಲೂ ದೇಶದ ಸಂಸ್ಥೆಯೇ ಕೋರ್ಸು ನಡೆಸಿಕೊಂಡು ಹೋಗಬೇಕು ಎಂಬುದು ಲೆಕ್ಕಾಚಾರ. ಸಾವಿರ ಜನಕ್ಕೆ ತರಬೇತಿ ಕೊಟ್ಟೆವು ಎಂಬ ಸರ್ಕಾರಿ ಪ್ರಕಟಣೆ ಓದಿದಾಗಲೆಲ್ಲ ನನಗೆ ಬರುವ ಪ್ರಶ್ನೆಯೂ ಅದೇ: ಅವರಲ್ಲಿ ನಾಳೆ ಇನ್ನೊಬ್ಬರಿಗೆ ಕಲಿಸಬಲ್ಲವರು ಎಷ್ಟು ಮಂದಿ?

1999ರ ಒಡಿಶಾ ಚಂಡಮಾರುತ, 2001ರ ಭುಜ್ ಭೂಕಂಪ, 2004ರ ಸುನಾಮಿ ಸಾಲಾಗಿ ಬಂದವು. 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ, 2006ರಲ್ಲಿ ಎಂಟು ಬೆಟಾಲಿಯನ್‌ಗಳ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ (ಎನ್‌ಡಿಆರ್‌ಎಫ್). ಈಗ 16 ಬೆಟಾಲಿಯನ್‌ಗಳಿವೆ. 2015ರ ನೇಪಾಳ ಭೂಕಂಪದಲ್ಲಿ, 2023ರ ತುರ್ಕಿ ಭೂಕಂಪದಲ್ಲಿ ನಮ್ಮವರು ಮಾಡಿದ ಕೆಲಸ ಜಗತ್ತು ನೋಡಿದೆ.

ಹೆಮ್ಮೆ ಪಡೋಣ. ಆದರೆ ಒಂದು ತೊಡಕೂ ಇದೆ. ಎನ್‌ಡಿಆರ್‌ಎಫ್ ಜವಾನರು ಬಿಎಸ್‌ಎಫ್, ಸಿಆರ್‌ಪಿಎಫ್, ಐಟಿಬಿಪಿಯಂಥ ಪಡೆಗಳಿಂದ ನಿಯೋಜನೆಯ ಮೇಲೆ ಬಂದವರು. ಅವಧಿ ಮುಗಿದರೆ ವಾಪಸ್. ವರ್ಷಗಟ್ಟಲೆ ಕಾಂಕ್ರೀಟು ಕೊರೆದು ಪಳಗಿದ ಕೈ ಗಡಿಯ ಚೌಕಿಗೋ ಚುನಾವಣಾ ಬಂದೋಬಸ್ತಿಗೋ ಹೋಗುತ್ತದೆ. ಹೊಸ ರಕ್ತ ಬರುತ್ತಿರುತ್ತದೆ ಎಂದು ಸಮರ್ಥಿಸುವವರಿದ್ದಾರೆ. ನನಗಂತೂ ಬೋಧಕರ ಮಟ್ಟಿಗಾದರೂ ಇದು ದುಬಾರಿ ಪದ್ಧತಿ ಎನಿಸುತ್ತದೆ. ಕಲಿಸುವವರಿಗೆ ಕಾಯಂ ಹುದ್ದೆ, ಬಡ್ತಿಯ ದಾರಿ ಬೇಕು. ಇಲ್ಲದಿದ್ದರೆ ತರಬೇತಿ ಸಂಸ್ಥೆ ಅಂದರೆ ಕಟ್ಟಡ ಮಾತ್ರ.

ಎರಡನೆಯ ತೊಡಕು ದೂರ. ಕರ್ನಾಟಕ ಎನ್‌ಡಿಆರ್‌ಎಫ್‌ನ 10ನೇ ಬೆಟಾಲಿಯನ್ನಿನ ವ್ಯಾಪ್ತಿಯಲ್ಲಿದೆ. ಅದರ ಮೂಲ ನೆಲೆ ಆಂಧ್ರದ ವಿಜಯವಾಡದ ಬಳಿ. ಬೆಂಗಳೂರಿನಲ್ಲಿ ತಂಡ ಇಟ್ಟಿರುತ್ತಾರೆ, ಸರಿ. ಆದರೆ 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಎಷ್ಟೋ ಕಡೆ ರಸ್ತೆಯೇ ಇರಲಿಲ್ಲ. ಅಂಥ ಹೊತ್ತಿನಲ್ಲಿ ಮೊದಲು ಕೈಹಾಕುವವರು ನೆರೆಮನೆಯವರು, ಆಮೇಲೆ ತಾಲ್ಲೂಕಿನ ಅಗ್ನಿಶಾಮಕ ಠಾಣೆಯವರು. ನಮ್ಮಲ್ಲಿ ರಾಜ್ಯದ ವಿಪತ್ತು ಸ್ಪಂದನಾ ಪಡೆ ಎಸ್‌ಡಿಆರ್‌ಎಫ್ ಇರುವುದೂ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯಡಿಯೇ. ಅಂದಮೇಲೆ ನಾಗಪುರದ ಸಂಸ್ಥೆಯ ಪಾಠ ತಾಲ್ಲೂಕು ಠಾಣೆಯವರೆಗೆ ಇಳಿಯಬೇಕು. ಊರ ಯುವಕರಿಗಾಗಿ ‘ಆಪದ ಮಿತ್ರ’ ಯೋಜನೆ ಇದೆ. 2016ರಲ್ಲಿ ಪ್ರವಾಹಪೀಡಿತ 30 ಜಿಲ್ಲೆಗಳ ಆರು ಸಾವಿರ ಸ್ವಯಂಸೇವಕರಿಂದ ಆರಂಭಿಸಿ, ಮುಂದೆ 350 ಜಿಲ್ಲೆ, ಒಂದು ಲಕ್ಷ ಜನಕ್ಕೆ ಹಿಗ್ಗಿಸಿದರು. 12 ದಿನದ ತರಬೇತಿ, ಜೊತೆಗೊಂದು ಕಿಟ್. ಒಳ್ಳೆಯದೇ. ಆದರೆ ಹಗ್ಗದ ಗಂಟು, ಎದೆ ಒತ್ತುವ ಲೆಕ್ಕ ಆಗಾಗ ಮಾಡದಿದ್ದರೆ ಕೈ ಮರೆತುಬಿಡುತ್ತದೆ. ಕಲಿತವರನ್ನು ಮತ್ತೆ ಕರೆದು ಅಭ್ಯಾಸ ಮಾಡಿಸುವ ಹೊಣೆ ಠಾಣೆಗೇ ಬಿದ್ದರೆ ಚೆನ್ನ.

ಅಣಕು ಪ್ರದರ್ಶನ ನಡೆಯುತ್ತದಲ್ಲ ಎನ್ನಬಹುದು. ನಡೆಯುತ್ತದೆ, ಜಿಲ್ಲಾಧಿಕಾರಿ ಕಚೇರಿ ಮುಂದೆ, ಶಾಮಿಯಾನ ಹಾಕಿ, ಮೊದಲೇ ಗೊತ್ತಿರುವ ಗಾಯಾಳುವನ್ನು ಸ್ಟ್ರೆಚರಿನಲ್ಲಿ ಹೊತ್ತು, ಫೋಟೊ ಹೊಡೆಸಿಕೊಂಡು. ನಿಜವಾದ ಅಭ್ಯಾಸಕ್ಕೆ ಬೇಕಾದದ್ದು ನಿಜವಾದ ಕಾಂಕ್ರೀಟು. ಅದಕ್ಕೆ ನನ್ನದೊಂದು ಸಣ್ಣ ಸಲಹೆ. ನಗರಸಭೆಗಳು ಆಗಾಗ ಹಳೆಯ ಶಾಲೆಯನ್ನೋ ಶಿಥಿಲ ಕ್ವಾರ್ಟರ್ಸನ್ನೋ ಕೆಡವುತ್ತವೆ. ಗುತ್ತಿಗೆದಾರನ ಕೈಗೆ ಕೊಡುವ ಮೊದಲು ಎಂಜಿನಿಯರ ಉಸ್ತುವಾರಿಯಲ್ಲಿ ಒಂದು ವಾರ ಅಗ್ನಿಶಾಮಕ ಠಾಣೆಗೂ ಆಪದ ಮಿತ್ರರಿಗೂ ಬಿಟ್ಟುಕೊಡಲಿ. ಸ್ಲ್ಯಾಬ್ ಕೊರೆಯಲಿ, ಸರಳು ಕತ್ತರಿಸಲಿ, ಊರೆ ಕೊಡಲಿ, ಕತ್ತಲೆಯಲ್ಲಿ ಕೂಗಿ ಕಿವಿಗೊಡಲಿ. ಟೆಂಡರಿನ ಷರತ್ತುಗಳಲ್ಲಿ ಒಂದು ಸಾಲು ಸೇರಿಸಿದರೆ ಆಗುವ ಕೆಲಸ. ನಮ್ಮ ನಗರಸಭೆಯ ಸದಸ್ಯರಲ್ಲಿ ಕೆಲವರು ಈ ಸಭೆಯಲ್ಲೇ ಇದ್ದಾರೆ. ಪ್ರಶ್ನೋತ್ತರದ ಹೊತ್ತಿನಲ್ಲಿ ಇದಕ್ಕೆ ಅಡ್ಡಿಯೇನೆಂದು ಅವರು ಹೇಳಿದರೆ ಅಲ್ಲಿಂದಲೇ ಮಾತು ಮುಂದುವರಿಸೋಣ.