ಹಳೇ ಟ್ರ್ಯಾಕ್ಟರಿಗೆ ಬಿಸಿ ತೋರಿಸುವ ಮೀಟರು

(ಸಂಘದ ಬೆಳ್ಳಿ ಹಬ್ಬದ ರೈತ ಸಭೆಯಲ್ಲಿ ಮಾಡಿದ ಭಾಷಣ)



ಸಂಘ ನಡೆದು ಬಂದ ದಾರಿಯನ್ನು ಹಿರಿಯರು ಈಗಾಗಲೇ ಹೇಳಿದ್ದಾರೆ. ಗ್ಯಾರೇಜಿನಲ್ಲಿ ಕೈ ಮಸಿ ಮಾಡಿಕೊಳ್ಳುವ ನಾವು ಒಂದೇ ವಿಷಯ ಹಿಡಿದುಕೊಂಡು ಬಂದಿದ್ದೇವೆ. ಹಳೇ ಟ್ರ್ಯಾಕ್ಟರಿನ ಇಂಜಿನ್ ಎಷ್ಟು ಬಿಸಿ ಆಗೇತಿ ಅನ್ನೋದನ್ನು ತೋರಿಸುವ ಮೀಟರಿನ ವಿಷಯ.

ಉಗಾರದ ಕಾರ್ಖಾನೆ ಸ್ವಾತಂತ್ರ್ಯಕ್ಕಿಂತ ಮೊದಲಿನದು. ಆಮೇಲೆ ಚಿಕ್ಕೋಡಿಯ ದೂಧಗಂಗಾ-ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿ, ರಾಯಬಾಗ ಕಡೆಯ ಕಾರ್ಖಾನೆಗಳು ಬಂದವು. ಹಂಗಾಮು ಸುರುವಾದರೆ ಚಿಕ್ಕೋಡಿಯಿಂದ ಕಾಗವಾಡದ ತನಕ ರಸ್ತೆ ತುಂಬ ಎರಡೆರಡು ಡಬ್ಬಿ ಕಟ್ಟಿದ ಟ್ರ್ಯಾಕ್ಟರುಗಳು. ಅವುಗಳಲ್ಲಿ ಹೊಸವು ಎಷ್ಟು, ಹಳೆಯವು ಎಷ್ಟು, ನಿಮಗೇ ಗೊತ್ತು. 1971ರಲ್ಲಿ ಪಿಂಜೋರ್‌ನಲ್ಲಿ ಸುರುವಾದ ಎಚ್‌ಎಂಟಿ ಟ್ರ್ಯಾಕ್ಟರಿನ ತಯಾರಿಕೆ 2016ರಲ್ಲಿ ನಿಂತಿತು. ಆದರೂ ಆ ಗಾಡಿಗಳನ್ನು ಇವತ್ತಿಗೂ ಜೋಪಾನ ಮಾಡಿಕೊಂಡು ಬಂದವರು ಇದ್ದಾರೆ. ಅಂಥ ಗಾಡಿಗಳಲ್ಲಿ ಕಂಪನಿಯ ಮೀಟರು ಯಾವಾಗಲೋ ಸತ್ತಿರುತ್ತದೆ. ಡ್ರೈವರ್ ಮೂಗಿನಿಂದ ಇಂಜಿನ್ ನೋಡುತ್ತಾನೆ. ವಾಸನೆ ಬರುವ ಹೊತ್ತಿಗೆ ಹೆಡ್ ಗ್ಯಾಸ್ಕೆಟ್ ಹೋಗಿರುತ್ತದೆ, ಒಮ್ಮೊಮ್ಮೆ ಪಿಸ್ಟನ್ನೇ ಜಾಮ್ ಆಗಿರುತ್ತದೆ.

ಅದು ಬರೀ ರಿಪೇರಿ ಖರ್ಚಿನ ಮಾತಲ್ರಿ. ಕಟಾವು ಟೋಳಿಗೆ ಮುಂಗಡ ಕೊಟ್ಟಿರುತ್ತೀರಿ, ಅವರು ಕೂತು ಉಣ್ಣುತ್ತಾರೆ. ಕಡಿದ ಕಬ್ಬು ದಿನಾ ಒಣಗಿ ತೂಕ ಕಳೆದುಕೊಳ್ಳುತ್ತದೆ. ಸಂಘದ ಸಾಲದ ಕಂತು ಮಾತ್ರ ನಿಲ್ಲೋದಿಲ್ಲ.

ಈಗ ಲೆಕ್ಕ ನೋಡೋಣ. ನೀರಿನಿಂದ ತಂಪಾಗುವ ಇಂಜಿನ್ ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಒಳಗೆ ಓಡಬೇಕು. ನಮ್ಮ ಭಾಗ ಸಮುದ್ರಕ್ಕಿಂತ ಐದಾರು ನೂರು ಮೀಟರ್ ಎತ್ತರದಲ್ಲಿ ಇರುವುದರಿಂದ ಬಯಲಲ್ಲಿ ಇಟ್ಟ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಒಳಗಿನ ಒತ್ತಡ ಹಿಡಿದಿಟ್ಟರೆ ನೂರು ದಾಟಿದರೂ ಕುದಿಯುವುದಿಲ್ಲ. ಮುಚ್ಚಳದ ಬದಲಿಗೆ ಅರಿವೆ ತುರುಕಿದ ಗಾಡಿಗಳನ್ನು ನಾವು ಎಷ್ಟೋ ನೋಡಿದ್ದೇವೆ. ಅದರಲ್ಲಿ ಒತ್ತಡ ನಿಲ್ಲುವುದಿಲ್ಲ, ನೀರು ಬೇಗ ಕುದಿದು ಉಕ್ಕಿ ಹೋಗುತ್ತದೆ. ಮೀಟರು ಕೊಳ್ಳುವ ಮೊದಲು ಮುಚ್ಚಳ ಕೊಳ್ಳಿರಿ.

ಹೊರಗಿನಿಂದ ತಂದು ಹಾಕುವ ಮೀಟರು ಎರಡು ನಮೂನಿ. ಒಂದಕ್ಕೆ ಕರೆಂಟು ಬೇಕಿಲ್ಲ. ಬಲ್ಬಿನಂಥ ತುದಿ ನೀರಿನೊಳಗೆ ಇರುತ್ತದೆ, ಅದರಿಂದ ಕೂದಲೆಳೆಯಂಥ ನಳಿಗೆ ಮೀಟರಿನ ತನಕ ಬರುತ್ತದೆ. ತುದಿ ಬಿಸಿಯಾದರೆ ಒಳಗಿನ ದ್ರವದ ಒತ್ತಡ ಏರಿ ಮುಳ್ಳನ್ನು ತಿರುಗಿಸುತ್ತದೆ. ಬ್ಯಾಟರಿ, ಡೈನಮೊ ಸರಿ ಇಲ್ಲದ ಹಳೇ ಗಾಡಿಗೆ ನಾವು ಇದನ್ನೇ ಹಾಕಿರಿ ಅಂತೇವೆ. ಆದರೆ ಆ ನಳಿಗೆಯನ್ನು ಕತ್ತರಿಸಬಾರದು, ಮಡಚಬಾರದು. ಹೆಚ್ಚಿದ್ದನ್ನು ಸುರುಳಿ ಸುತ್ತಿ ಬಿಸಿ ಸೈಲೆನ್ಸರಿನಿಂದ ದೂರ ಕಟ್ಟಬೇಕು. ಅದು ತುಂಡಾದರೆ ಮೀಟರು ಕೆಲಸಕ್ಕೆ ಬಾರದು.

ಇನ್ನೊಂದು ಕರೆಂಟಿನದು. ಸೆನ್ಸರ್ ಬಿಸಿಯಾದಂತೆ ಅದರ ತಡೆ ಕಡಿಮೆಯಾಗಿ ಮುಳ್ಳು ಏರುತ್ತದೆ. ಒಂದು ಕಂಪನಿಯ ಮೀಟರಿಗೆ ಇನ್ನೊಂದು ಕಂಪನಿಯ ಸೆನ್ಸರ್ ಹಾಕಿದರೆ ತಪ್ಪು ಅಂಕಿ ಬರತೈತಿ. ಒಂದೇ ವೈರಿನ ಸೆನ್ಸರಿಗೆ ಬಿಳಿ ಟೇಪು ಸುತ್ತಿ ಬಿಗಿದರೆ ಅರ್ಥ್ ಸಿಗದೆ ಮುಳ್ಳು ಕೆಳಗೇ ಇರತೈತಿ. ವೈರು ಹರಿದರೂ ಇದೇ ಗತಿ. ಇಂಜಿನ್ ಸುಡುತ್ತಿದ್ದರೂ ಮೀಟರು ತಂಪು ಅಂತ ಹೇಳುತ್ತದೆ. ಕೆಟ್ಟ ಮೀಟರು ಯಾವಾಗಲೂ ಹೆಚ್ಚು ತೋರಿಸುತ್ತದೆ ಅಂತ ತಿಳಿಯಬೇಡಿರಿ.

ತುದಿ ಎಲ್ಲಿ ಕೂರಬೇಕು? ಹೆಡ್ಡಿನಿಂದ ಬಿಸಿನೀರು ಹೊರಬರುವ ಜಾಗದಲ್ಲಿ, ಥರ್ಮೋಸ್ಟಾಟ್ ವಾಲ್ವಿನ ಇಂಜಿನ್ ಕಡೆಗೆ. ಮೇಲಿನ ರಬ್ಬರ್ ಪೈಪಿನಲ್ಲಿ ಜೋಡಿಸಿದರೆ ವಾಲ್ವ್ ತೆರೆಯುವ ತನಕ ಸರಿಯಾದ ಬಿಸಿ ತಿಳಿಯುವುದಿಲ್ಲ. ರೇಡಿಯೇಟರಿನ ಕೆಳಗಿನ ಪೈಪಿಗಂತೂ ಹಾಕಲೇಬಾರದು, ಅಲ್ಲಿ ತಂಪಾದ ನೀರು ಮರಳಿ ಬರುತ್ತದೆ.

ನಾವು ಹೆಚ್ಚು ಒತ್ತಿ ಹೇಳುವ ಮಾತು ಇದು. ಮೀಟರು ತನ್ನ ತುದಿಗೆ ತಾಗಿದ್ದರ ಬಿಸಿಯನ್ನಷ್ಟೇ ತೋರಿಸುತ್ತದೆ. ಪೈಪು ಒಡೆದು ನೀರು ಸೋರಿ ಹೋಯಿತೆನ್ನಿ. ತುದಿಗೆ ನೀರು ತಾಗುವುದಿಲ್ಲ, ಮುಳ್ಳು ಇದ್ದಲ್ಲೇ ನಿಲ್ಲುತ್ತದೆ, ಇಲ್ಲವೇ ಕೆಳಗೆ ಬೀಳುತ್ತದೆ, ಅತ್ತ ಇಂಜಿನ್ ಸುಡುತ್ತಿರುತ್ತದೆ. ಹಂಗಾಗಿ ತುಂಬಿದ ಗಾಡಿ ಏರು ಹತ್ತುವಾಗ ಮುಳ್ಳು ಒಮ್ಮೆಲೇ ಇಳಿದರೆ ಸಂತೋಷ ಪಡಬೇಡಿರಿ, ನಿಲ್ಲಿಸಿ ನೋಡಿರಿ. ನಿಮ್ಮ ಗಾಡಿಯ ಮುಳ್ಳು ಖಾಲಿ ಇದ್ದಾಗ ಎಲ್ಲಿ, ಡಬ್ಬಿ ತುಂಬಿದಾಗ ಎಲ್ಲಿ ನಿಲ್ಲುತ್ತದೆ ಅನ್ನೋದನ್ನು ಗುರುತು ಹಾಕಿಕೊಳ್ಳಬೇಕು. ಪಕ್ಕದ ಮನೆಯವರ ಗಾಡಿ ಲೆಕ್ಕಕ್ಕೆ ಬರೋದಿಲ್ಲ.

ಮುಳ್ಳು ದಿನಾ ಸ್ವಲ್ಪ ಸ್ವಲ್ಪ ಮೇಲೆ ಹೋಗುತ್ತಿದ್ದರೆ ಮೊದಲು ಜಾಳಿಗೆ ನೋಡಿರಿ. ಕಬ್ಬಿನ ರವದಿ, ಧೂಳು ಮೆತ್ತಿರುತ್ತದೆ. ಆಮೇಲೆ ಫ್ಯಾನ್ ಬೆಲ್ಟು. ಆಮೇಲೆ ಒಳಗಿನ ಸುಣ್ಣದ ಪದರ. ನಮ್ಮ ಬೋರಿನ ಗಡಸು ನೀರು ಕುದಿದು ಅಡುಗೆ ಪಾತ್ರೆಗೆ ಹತ್ತುವಂತೆ ಇಂಜಿನ್ನಿಗೂ ಹತ್ತುತ್ತದೆ. ಕೂಲಂಟ್ ಹಾಕಲು ಆಗದಿದ್ದರೆ ಮಳೆನೀರನ್ನಾದರೂ ಹಿಡಿದಿಡಿರಿ. ಗಾಳಿಯಿಂದ ತಂಪಾಗುವ ಹಳೇ ಐಷರ್‌ಗಳಿಗೆ ಈ ನೀರಿನ ಮೀಟರಿನ ಪ್ರಶ್ನೆಯೇ ಇಲ್ಲ, ಅವುಗಳ ರೆಕ್ಕೆಗಳ ನಡುವಿನ ಕಸ ತೆಗೆದರೆ ಸಾಕು.

ಕೆಂಪು ಗೆರೆ ಮುಟ್ಟಿದರೆ ಗಾಬರಿ ಬೇಡ. ಬೆಲ್ಟು ಹರಿದಿದ್ದರೆ, ನೀರು ಸೋರುತ್ತಿದ್ದರೆ ಕೂಡಲೇ ಬಂದ್ ಮಾಡಿರಿ. ಅವೆರಡೂ ಸರಿ ಇದ್ದರೆ ರಸ್ತೆ ಬದಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಸಣ್ಣ ರೇಸಿನಲ್ಲಿ ಸ್ವಲ್ಪ ಹೊತ್ತು ಓಡಲು ಬಿಡಿರಿ. ಮುಚ್ಚಳಕ್ಕೆ ಮಾತ್ರ ಕೈ ಹಚ್ಚಬೇಡಿರಿ, ತೆರೆದ ಗಳಿಗೆಗೆ ನೀರು ಸಿಡಿದು ಮುಖ ಸುಡುತ್ತದೆ. ಅರ್ಧ ತಾಸು ಬಿಟ್ಟು, ರೇಡಿಯೇಟರ್ ಕೈ ತಡೆಯುವಷ್ಟು ಆರಿದ ಮೇಲೆ ನೀರು ಹಾಕಿರಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ಡು ಬಿರುಕು ಬಿಡುತ್ತದೆ.

ಮೀಟರು ಖರೇ ಹೇಳತೈತೋ ಇಲ್ಲೋ ಅಂತ ನೋಡಲು ಕುದಿಯುವ ಚಹದ ಪಾತೇಲಿ ಸಾಕು. ಗಾಡಿಗೆ ಜೋಡಿಸುವ ಮೊದಲು ತುದಿಯನ್ನು ಕುದಿಯುವ ನೀರಲ್ಲಿ ಅದ್ದಿದರೆ ಮುಳ್ಳು 98ರ ಆಸುಪಾಸು ನಿಲ್ಲಬೇಕು. ಕರೆಂಟಿನದಾದರೆ ಸೆನ್ಸರಿನ ಮೈಗೆ ಒಂದು ಅರ್ಥ್ ವೈರ್ ಕಟ್ಟಿ ನೋಡಬೇಕು.

ಊಟ ಆದ ಮೇಲೆ ಗೋದಾಮಿನ ಕಟ್ಟೆಯ ಮೇಲೆ ಸ್ಟೋವ್ ಹಚ್ಚಿ ನೀರು ಇಟ್ಟಿರತೇವಿ. ಮೀಟರು ತಂದವರು ತಂದು ತೋರಿಸ್ರಿ.