ಗರಗಸದ ಮುಂದೆ ನಿಂತವನ ಹಕ್ಕು

(ತೋಟದ ಕೂಲಿಕಾರ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ತೋಟದಲ್ಲಿ ಸೊಪ್ಪು ಕೀಳುವ ನಮಗೆ ಮರ ಕೊಯ್ಯುವ ಕಾರ್ಖಾನೆಯ ಮಾತು ಏಕೆ ಎಂದು ಕೆಲವರಿಗೆ ತೋರಬಹುದು. ಸ್ವಲ್ಪ ಯೋಚಿಸಿ ನೋಡೋಣ. ನಮ್ಮ ಟೀ, ಕಾಫಿ ಗಿಡಗಳಿಗೆ ನೆರಳು ಕೊಡುವ ಸಿಲ್ವರ್ ಓಕ್ ಮರ ಒಂದು ದಿನ ಉರುಳುತ್ತದೆ. ಲಾರಿ ಹತ್ತಿ ಸಾಮಿಲ್ಲಿಗೋ ಪ್ಲೈವುಡ್ ಕಾರ್ಖಾನೆಗೋ ಹೋಗುತ್ತದೆ. ಅದರ ಹಿಂದೆಯೇ ನಮ್ಮ ಮಕ್ಕಳೂ ಹೋಗುತ್ತಾರೆ. ತೋಟದ ಸಂಬಳದಲ್ಲಿ ಸಂಸಾರ ಸಾಗದೆ, ಲೈನು ಮನೆಗಳ ಹುಡುಗರು ಬೆಟ್ಟ ಇಳಿದು ಮೇಟ್ಟುಪಾಳ್ಯಂ, ಪೆರುಂಬಾವೂರು ಕಡೆಗೆ ಕೆಲಸ ಹುಡುಕಿ ಹೋಗುವುದು ನಮಗೆಲ್ಲ ತಿಳಿದ ಸಂಗತಿ. ತೋಟದೊಳಗಿನ ಬಡಗಿ ಶೆಡ್ಡಿನಲ್ಲೂ ಗರಗಸ ತಿರುಗುತ್ತದೆ. ಆದ್ದರಿಂದ ಇದು ನಮ್ಮ ಮನೆಯ ಮಾತೇ ಹೌದು.

ಮರದ ಕೆಲಸದಲ್ಲಿ ಯಾರಿಗಾದರೂ ಬೆರಳು ಹೋದರೆ ಊರಲ್ಲಿ ಎರಡು ಮಾತು ಕೇಳುತ್ತೇವೆ. ಒಂದು, “ಅವನ ಹಣೆಬರಹ.” ಇನ್ನೊಂದು, “ಅವನ ಅಜಾಗ್ರತೆ.” ಆಮೇಲೆ ಧಣಿಯ ಕಡೆಯವರು ಆಸ್ಪತ್ರೆಗೆ ಬಂದು ಐದೋ ಹತ್ತೋ ಸಾವಿರ ಕೈಯಲ್ಲಿಟ್ಟು, ಒಂದು ಕಾಗದಕ್ಕೆ ರುಜು ಹಾಕಿಸಿಕೊಂಡು ಹೋಗುತ್ತಾರೆ. ಆ ಕಾಗದ ತಮಿಳಿನಲ್ಲೋ ಮಲಯಾಳದಲ್ಲೋ ಇರುತ್ತದೆ. ಕನ್ನಡ ಮಾತ್ರ ಓದಬಲ್ಲ ತಾಯಿ ಹೆಬ್ಬೆಟ್ಟು ಒತ್ತುತ್ತಾಳೆ. “ಧಣಿ ಒಳ್ಳೆಯವರು, ಕೈಬಿಡಲಿಲ್ಲ” ಎಂದು ಮನೆಗೆ ಬರುತ್ತೇವೆ. ನಾವು ಇಂದು ಹೇಳಬೇಕೆಂದಿರುವುದು ಇಷ್ಟೇ: ಆ ಹಣ ದಾನವಲ್ಲ, ಋಣ. ಕೆಲಸದಲ್ಲಿ ದೇಹಕ್ಕೆ ಆದ ನಷ್ಟವನ್ನು ಕೆಲಸ ಮಾಡಿಸಿಕೊಂಡವನು ತುಂಬಿಕೊಡಬೇಕೆಂಬುದು ನಮ್ಮ ದೇಶದ ಕಾಯಿದೆ. ಅದು ನಿನ್ನೆ ಮೊನ್ನೆ ಬಂದದ್ದಲ್ಲ. 1923ರಲ್ಲಿ ಅಂಗೀಕಾರವಾಗಿ, 1924ರ ಜುಲೈ 1ರಿಂದ ಜಾರಿಗೆ ಬಂತು.

ಇದಕ್ಕೆ ಒಬ್ಬ ಬಡಗಿಯ ಮೊಕದ್ದಮೆಯನ್ನೇ ಉದಾಹರಣೆಯಾಗಿ ಹೇಳುತ್ತೇವೆ. ಒಡಿಶಾದ ಜೈಪುರ್ ಪಟ್ಟಣದಲ್ಲಿ ಒಂದು ಸಿನಿಮಾ ಮಂದಿರಕ್ಕೆ ಅಲಂಕಾರದ ಮರಗೆಲಸ ನಡೆಯುತ್ತಿತ್ತು. 1968ರ ಜುಲೈ ತಿಂಗಳಲ್ಲಿ ಆ ಕೆಲಸ ಮಾಡುತ್ತಿದ್ದ ಬಡಗಿ ಕೆಳಗೆ ಬಿದ್ದ. ಅವನ ಎಡಗೈಯನ್ನು ಮೊಣಕೈಗಿಂತ ಮೇಲೆ ಕತ್ತರಿಸಬೇಕಾಯಿತು. ಧಣಿ ಪರಿಹಾರ ಕೊಡಲಿಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1975ರ ಡಿಸೆಂಬರಿನಲ್ಲಿ ತೀರ್ಪು ಬಂತು. ಪ್ರತಾಪ್ ನಾರಾಯಣ್ ಸಿಂಗ್ ದೇವ್ ಮೊಕದ್ದಮೆ ಎಂದು ವಕೀಲರೆಲ್ಲ ಇಂದಿಗೂ ಅದನ್ನು ಎತ್ತಿ ಹೇಳುತ್ತಾರೆ.

ಧಣಿಯ ಕಡೆಯವರ ವಾದ, ಒಂದು ಕೈ ಮಾತ್ರ ಹೋಗಿದೆ, ಆದ್ದರಿಂದ ಪಟ್ಟಿಯಲ್ಲಿ ಬರೆದ ಶೇಕಡಾವಾರು ಲೆಕ್ಕವಷ್ಟೇ ಸಲ್ಲಬೇಕೆಂದು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಬಡಗಿಯ ಕೆಲಸ ಒಂದೇ ಕೈಯಿಂದ ಆಗುವುದಿಲ್ಲ, ಅವನ ಮಟ್ಟಿಗೆ ಇದು ಪೂರ್ಣ ನಷ್ಟವೇ ಎಂದು ಹೇಳಿತು. ಧಣಿಯ ಇನ್ನೊಂದು ವಾದವೂ ಬಿದ್ದುಹೋಯಿತು. ಅಧಿಕಾರಿ ತೀರ್ಮಾನ ಮಾಡುವವರೆಗೆ ಕೊಡಬೇಕಾಗಿಲ್ಲ ಎಂಬುದು ಆ ವಾದ. ಗಾಯವಾದ ದಿನದಿಂದಲೇ ಪರಿಹಾರ ಸಲ್ಲಬೇಕು, ತಡಮಾಡಿದ್ದಕ್ಕೆ ಬಡ್ಡಿಯೂ ದಂಡವೂ ಸರಿ ಎಂದು ನ್ಯಾಯಾಲಯ ಎತ್ತಿಹಿಡಿಯಿತು. ನೋಡಿ, ಇಲ್ಲಿ ಕೈಯನ್ನು ಬರೀ ಮಾಂಸ ಮೂಳೆ ಎಂದು ಎಣಿಸಲಿಲ್ಲ. ಆ ಕೈ ಮಾಡುತ್ತಿದ್ದ ಕೆಲಸವನ್ನು ಎಣಿಸಿದರು.

ಈಗ ಕಾಯಿದೆಯ ಹೆಸರು ಬದಲಾಗಿದೆ, ಅದನ್ನೂ ತಿಳಿದಿರಬೇಕು. 2020ರಲ್ಲಿ ಪಾರ್ಲಿಮೆಂಟು ಒಪ್ಪಿದ ಸಾಮಾಜಿಕ ಭದ್ರತಾ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದು, 1923ರ ಕಾಯಿದೆಯ ಸ್ಥಾನದಲ್ಲಿ ನಿಂತಿದೆ. ಆದರೆ ಪರಿಹಾರದ ಮುಖ್ಯ ತತ್ವಗಳನ್ನು ಹೊಸ ಸಂಹಿತೆ ತನ್ನ ಏಳನೆಯ ಅಧ್ಯಾಯದಲ್ಲಿ ಉಳಿಸಿಕೊಂಡಿದೆ. “ಹಳೆಯ ಕಾಯಿದೆ ಹೋಯಿತು, ಇನ್ನು ಏನೂ ಇಲ್ಲ” ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ.

ಆ ತತ್ವಗಳಲ್ಲಿ ಮೊದಲನೆಯದು ಎಲ್ಲಕ್ಕಿಂತ ದೊಡ್ಡದು. ಧಣಿಯ ತಪ್ಪನ್ನು ನಾವು ರುಜುವಾತು ಮಾಡಬೇಕಾಗಿಲ್ಲ. ಕೆಲಸದ ಸಂಬಂಧವಾಗಿ, ಕೆಲಸದ ಹೊತ್ತಿನಲ್ಲಿ ಅಪಘಾತವಾಯಿತೆಂದು ತೋರಿಸಿದರೆ ಸಾಕು. ಕೂಲಿಕಾರನು ಸ್ವಲ್ಪ ಅಜಾಗ್ರತನಾಗಿದ್ದ ಎಂಬುದು ತಪ್ಪಿಸಿಕೊಳ್ಳುವ ದಾರಿಯಲ್ಲ. ಹತ್ತು ಗಂಟೆ ಯಂತ್ರದ ಮುಂದೆ ನಿಂತವನ ಗಮನ ಒಂದು ಗಳಿಗೆ ತಪ್ಪುವುದು ಸಹಜವೆಂದು ಕಾಯಿದೆ ಮಾಡಿದವರಿಗೂ ಗೊತ್ತಿತ್ತು.

ಆದರೆ ಕೆಲವು ಸಂದರ್ಭಗಳಲ್ಲಿ ಹಕ್ಕು ತಪ್ಪಿಹೋಗುತ್ತದೆ. ಕುಡಿದ ಅಮಲಿನಲ್ಲಿ ಗಾಯ ಮಾಡಿಕೊಂಡರೆ, ರಕ್ಷಣೆಗಾಗಿ ಸ್ಪಷ್ಟವಾಗಿ ಕೊಟ್ಟ ಅಪ್ಪಣೆಯನ್ನು ಬೇಕೆಂದೇ ಮೀರಿದರೆ, ಗರಗಸದ ಮರೆಯನ್ನು ಬೇಕೆಂದೇ ಕಳಚಿದರೆ ಧಣಿ ಹೊಣೆಯಲ್ಲ. ಹಾಗಿದ್ದರೂ ಸಾವು ಅಥವಾ ಪೂರ್ಣ ಶಾಶ್ವತ ಅಂಗವಿಕಲತೆ ಆದಲ್ಲಿ ಆ ನೆಪಗಳೂ ನಡೆಯವು. ಸಂಜೆ ಕುಡಿಯುವುದು ಬೇರೆ ಮಾತು, ಕುಡಿದು ಗರಗಸ ಮುಟ್ಟುವುದು ಬೇರೆ ಮಾತು. ಒಂದು ಗ್ಲಾಸಿಗಾಗಿ ಹೆಂಡತಿ ಮಕ್ಕಳ ಹಕ್ಕನ್ನು ಕಳೆಯಬಾರದು. ಇದನ್ನು ಕಟುವಾಗಿಯೇ ಹೇಳುತ್ತೇವೆ.

ಎರಡನೆಯದು, ಕಂಟ್ರಾಕ್ಟರನ ನೆಪ. “ಅವನು ನಮ್ಮ ಆಳಲ್ಲ, ಕಂಟ್ರಾಕ್ಟರನ ಆಳು” ಎಂದು ಮಿಲ್ಲಿನವರು ಹೇಳುತ್ತಾರೆ. ಮಿಲ್ಲಿನ ಕೆಲಸವನ್ನೇ ಮಿಲ್ಲಿನ ಜಾಗದಲ್ಲಿ ಮಾಡುತ್ತಿದ್ದರೆ, ಮಿಲ್ಲಿನ ಧಣಿಯಿಂದಲೇ ಪರಿಹಾರ ಕೇಳಬಹುದು. ಅವರು ಆಮೇಲೆ ಕಂಟ್ರಾಕ್ಟರನಿಂದ ವಸೂಲು ಮಾಡಿಕೊಳ್ಳಲಿ. ದಿನಗೂಲಿ ಎಂಬ ಕಾರಣಕ್ಕೂ ಹಕ್ಕು ಹೋಗುವುದಿಲ್ಲ.

ಮೂರನೆಯದು, ಆ ಆಸ್ಪತ್ರೆಯ ಕಾಗದ. ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡ ಒಪ್ಪಂದಕ್ಕೆ ಬೆಲೆಯಿಲ್ಲ. ಸಾವು ಆದಲ್ಲಿ ಪರಿಹಾರದ ಹಣವನ್ನು ಧಣಿಯು ಮನೆಯವರ ಕೈಗೆ ಕೊಟ್ಟು ಮುಗಿಸುವಂತಿಲ್ಲ, ಅಧಿಕಾರಿಯ ಬಳಿ ಠೇವಣಿ ಇಡಬೇಕು. ವಿಧವೆಯ ಹಣ ಬೇರೆಯವರ ಪಾಲಾಗಬಾರದೆಂದೇ ಈ ಏರ್ಪಾಡು. ಆದರೂ ಓದಿಸಿಕೊಳ್ಳದ ಕಾಗದಕ್ಕೆ ರುಜು ಹಾಕದಿರುವುದೇ ಒಳ್ಳೆಯದು.

ಲೆಕ್ಕವನ್ನೂ ಒಮ್ಮೆ ಹಾಕಿ ನೋಡೋಣ. ಮೂವತ್ತು ವರ್ಷದ ಒಬ್ಬ ಕೂಲಿಕಾರನಿಗೆ ತಿಂಗಳ ಸಂಬಳ 10,000 ರೂಪಾಯಿ ಎಂದಿಟ್ಟುಕೊಳ್ಳೋಣ. ಸಂಬಳದಲ್ಲಿ ಶೇಕಡಾ 60 ಎಂದರೆ 6,000. ಆ ವಯಸ್ಸಿಗೆ ಪಟ್ಟಿಯಲ್ಲಿರುವ ಗುಣಕ 207.98. ಗುಣಿಸಿದರೆ 12,47,880 ರೂಪಾಯಿ. ಇದು ಪೂರ್ಣ ಶಾಶ್ವತ ಅಂಗವಿಕಲತೆಗೆ ಸಲ್ಲುವ ಮೊತ್ತ. ತೋರುಬೆರಳು ಪೂರ್ತಿ ಹೋದರೆ ಪಟ್ಟಿಯಲ್ಲಿ ಶೇಕಡಾ 14, ಅಂದರೆ ಸುಮಾರು 1,74,700 ರೂಪಾಯಿ. ಹೆಬ್ಬೆರಳು ಹೋದರೆ ಶೇಕಡಾ 30, ಅಂದರೆ 3,74,364. ಒಂದು ಕೈಯ ನಾಲ್ಕು ಬೆರಳು ಹೋದರೆ ಶೇಕಡಾ 50, ಅಂದರೆ 6,23,940. ಪ್ರಾಣವೇ ಹೋದರೆ ಸಂಬಳದ ಅರ್ಧವನ್ನು ಅದೇ ಗುಣಕದಿಂದ ಗುಣಿಸಬೇಕು, 10,39,900 ರೂಪಾಯಿ ಆಗುತ್ತದೆ. ಆಸ್ಪತ್ರೆಯ ಹಾಸಿಗೆಯ ಮೇಲೆ ಇಟ್ಟುಹೋದ ಐದು ಸಾವಿರವನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಿರಿ. ಚಿಕಿತ್ಸೆಯ ನಿಜವಾದ ಖರ್ಚು ಇದಕ್ಕೆ ಹೊರತು, ಅದನ್ನೂ ಧಣಿಯೇ ಕೊಡಬೇಕು. ಒಂದು ತಿಂಗಳೊಳಗೆ ಪರಿಹಾರ ಕೊಡದಿದ್ದರೆ ಶೇಕಡಾ 12ರ ಬಡ್ಡಿ ಸೇರುತ್ತದೆ. ತಡಕ್ಕೆ ಸರಿಯಾದ ಕಾರಣವಿಲ್ಲದಿದ್ದರೆ ಶೇಕಡಾ 50ರವರೆಗೆ ದಂಡವೂ ಬೀಳಬಹುದು. ಇ.ಎಸ್.ಐ.ಗೆ ಸೇರಿದ ಕಾರ್ಖಾನೆಯಾದರೆ ಮಾತ್ರ ಧಣಿಯಿಂದಲ್ಲ, ಇ.ಎಸ್.ಐ.ಯಿಂದ ಸವಲತ್ತು ಪಡೆಯಬೇಕು.

ಇಷ್ಟಾದರೂ ಹಣ ಬೆರಳನ್ನು ತಿರುಗಿ ತರುವುದಿಲ್ಲ. ಬೆರಳು ಹೋಗದಂತೆ ನೋಡಿಕೊಳ್ಳುವುದೇ ಮೊದಲ ಕೆಲಸ, ಅದೂ ಧಣಿಯ ಹೊಣೆಯೇ. ಮೋಶೆಯ ಧರ್ಮಶಾಸ್ತ್ರದಲ್ಲಿ, ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ತಡೆಗೋಡೆ ಕಟ್ಟಬೇಕೆಂಬ ಕಟ್ಟಳೆಯಿದೆ. ಯಾರಾದರೂ ಬಿದ್ದು ಸತ್ತರೆ ಆ ರಕ್ತದ ದೋಷ ಮನೆಯ ಯಜಮಾನನ ಮೇಲೆ. ಬಿದ್ದವನು ಏಕೆ ಅಂಚಿಗೆ ಹೋದ ಎಂಬ ಪ್ರಶ್ನೆ ಅಲ್ಲಿಲ್ಲ. ಗೋಡೆ ಇತ್ತೋ ಇಲ್ಲವೋ ಎಂಬುದೇ ಪ್ರಶ್ನೆ.

ಸಾಮಿಲ್ಲಿನ ತಡೆಗೋಡೆ ಯಾವುದು? ಚಕ್ರಗರಗಸದ ಮೇಲೆ ಅಲಗನ್ನು ಮುಚ್ಚುವ ಕವಚ ಇರಬೇಕು. ಅಲಗಿನ ಹಿಂದೆ ಅದಕ್ಕೆ ತೀರ ಹತ್ತಿರವಾಗಿ ಒಂದು ಗಟ್ಟಿಯಾದ ಉಕ್ಕಿನ ತಗಡು ನಿಂತಿರಬೇಕು. ಕೊಯ್ದ ಮರದ ಎರಡು ಹೋಳುಗಳು ಕೂಡಿಕೊಂಡು ಅಲಗನ್ನು ಹಿಡಿದರೆ, ಅಲಗು ಆ ಮರವನ್ನು ನಿಂತವನ ಹೊಟ್ಟೆಗೋ ಎದೆಗೋ ಎಸೆಯುತ್ತದೆ. ಆಗ ಕೈಯೂ ಅಲಗಿನ ಕಡೆಗೆ ಜಾರುತ್ತದೆ. ಆ ತಗಡು ಹೋಳುಗಳನ್ನು ಅಗಲಿಸಿ ಹಿಡಿದು ಇದನ್ನು ತಡೆಯುತ್ತದೆ. ಅನೇಕ ಕಡೆ ಕೆಲಸಕ್ಕೆ ಅಡ್ಡಿಯೆಂದು ಅದನ್ನು ಕಳಚಿ ಮೂಲೆಗೆ ಎಸೆದಿರುತ್ತಾರೆ. ಸಣ್ಣ ತುಂಡುಗಳನ್ನು ಬೆರಳಿನಿಂದ ತಳ್ಳದೆ ತಳ್ಳುಕೋಲಿನಿಂದ ತಳ್ಳಬೇಕು. ಬೆಲ್ಟುಗಳಿಗೂ ಗಾಲಿಗಳಿಗೂ ಬೇಲಿ ಬೇಕು. ಗರಗಸ ತಿರುಗುವಾಗ ಹೊಟ್ಟು ಗುಡಿಸಬಾರದು. ಲುಂಗಿ, ಹೆಗಲ ಮೇಲಿನ ಟವೆಲು, ಸಡಿಲ ತೋಳಿನ ಅಂಗಿ ಬೇಡ. ಕೈಗವಸು ಕೂಡ ತಿರುಗುವ ಅಲಗಿನ ಬಳಿ ರಕ್ಷಣೆಯಲ್ಲ. ಅದರ ದಾರ ಸಿಕ್ಕಿಕೊಂಡರೆ ಕೈಯನ್ನೇ ಒಳಗೆ ಎಳೆಯುತ್ತದೆ.

ಅಪಾಯದ ಯಂತ್ರಭಾಗಗಳಿಗೆ ಬೇಲಿ ಹಾಕಲೇಬೇಕೆಂದು 1948ರ ಕಾರ್ಖಾನೆ ಕಾಯಿದೆಯೇ ಹೇಳಿತ್ತು. ಈಗ ಅದರ ಸ್ಥಾನದಲ್ಲಿ ಬಂದಿರುವ ಸಂಹಿತೆಯಲ್ಲಿ, ವಿದ್ಯುತ್ತಿನಿಂದ ನಡೆಯುವ ಕಾರ್ಖಾನೆ ಎನಿಸಲು ಹಿಂದಿನಂತೆ 10 ಮಂದಿ ಸಾಲದು, 20 ಮಂದಿ ಕೂಲಿಕಾರರು ಬೇಕು. ಹೀಗಾಗಿ ಚಿಕ್ಕ ಮಿಲ್ಲುಗಳಿಗೆ ಇನ್ಸ್‌ಪೆಕ್ಟರು ಬರುವುದು ಇನ್ನೂ ಅಪರೂಪವಾಗಬಹುದು. ಅಲ್ಲಿ ನಮ್ಮ ಕಣ್ಣೇ ಕಾವಲಾಗಬೇಕು.

ಕಣ್ಣಿಗೆ ಕಾಣುವ ಗಾಯವಲ್ಲದೆ ಇನ್ನೊಂದಿದೆ. ಮರದ ಹೊಟ್ಟಿನ ಧೂಳು. ಇಂಗ್ಲೆಂಡಿನ ಪೀಠೋಪಕರಣ ಕಾರ್ಖಾನೆಗಳ ಕೆಲಸಗಾರರಲ್ಲಿ ಮೂಗಿನ ಒಳಗಿನ ಅಪರೂಪದ ಕ್ಯಾನ್ಸರ್ ಹೆಚ್ಚಾಗಿ ಬರುತ್ತಿರುವುದನ್ನು ಅಲ್ಲಿನ ವೈದ್ಯರು 1960ರ ದಶಕದಲ್ಲಿ ಗುರುತಿಸಿದರು. 1995ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಧೂಳು ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ನಿಶ್ಚಯಿಸಿತು. ಧೂಳನ್ನು ಯಂತ್ರದ ಬಾಯಲ್ಲೇ ಹೀರಿ ತೆಗೆಯುವ ಏರ್ಪಾಡು ಶೋಕಿಯಲ್ಲ. ಮೂಗಿಗೆ ಕಟ್ಟಿಕೊಂಡ ಟವೆಲು ಅದಕ್ಕೆ ಬದಲಾಗುವುದಿಲ್ಲ.

ಕೊನೆಯದಾಗಿ, ಅಪಘಾತವಾದ ದಿನ ನಾವು ಮಾಡತಕ್ಕದ್ದು ಏನು? ಮೊದಲು ಆಸ್ಪತ್ರೆ. ಅಲ್ಲಿ “ಮನೆಯಲ್ಲಿ ಬಿದ್ದ” ಎಂದು ಬರೆಸಲು ಯಾರಾದರೂ ಹೇಳಿದರೆ ಒಪ್ಪಬೇಡಿರಿ. ಎಲ್ಲಿ, ಯಾವ ಯಂತ್ರದಿಂದ, ಎಷ್ಟು ಗಂಟೆಗೆ ಎಂಬುದು ಆಸ್ಪತ್ರೆಯ ಚೀಟಿಯಲ್ಲಿ ನಿಜವಾಗಿ ಇರಲಿ. ಧಣಿಗೆ ಬೇಗನೆ ಬರವಣಿಗೆಯಲ್ಲಿ ತಿಳಿಸಿ, ಒಂದು ಪ್ರತಿಯನ್ನು ಇಟ್ಟುಕೊಳ್ಳಿರಿ. ಜೊತೆಗೆ ಕೆಲಸ ಮಾಡುತ್ತಿದ್ದವರ ಹೆಸರು ಬರೆದಿಡಿರಿ. ಸಂಬಳದ ಚೀಟಿ, ಬ್ಯಾಂಕಿನ ಪುಸ್ತಕ, ಹಾಜರಿ ಕಾರ್ಡು ಯಾವುದಿದ್ದರೂ ಜೋಪಾನ. ಅರ್ಜಿಯನ್ನು ಎರಡು ವರ್ಷದೊಳಗೆ ಕೊಡಬೇಕು. ಮಗ ಪೆರುಂಬಾವೂರಿನಲ್ಲಿ ಗಾಯಗೊಂಡು ಸತ್ತರೂ ತಾಯಿ ಗೂಡಲೂರಿನಲ್ಲಿದ್ದರೆ ಅಷ್ಟು ದೂರ ಅಲೆಯಬೇಕಾಗಿಲ್ಲ. ತಾನು ವಾಸವಾಗಿರುವ ಜಿಲ್ಲೆಯ ಅಧಿಕಾರಿಯ ಮುಂದೆಯೇ ಅರ್ಜಿ ಹಾಕಬಹುದು. ಯಾವ ಅಧಿಕಾರಿ ಎಂಬುದನ್ನು ಲೇಬರ್ ಆಫೀಸಿನಲ್ಲಿ ಕೇಳಿ ತಿಳಿಯಿರಿ.

ನಮ್ಮಲ್ಲಿ ಓದು ಬಲ್ಲ ಮಕ್ಕಳಿದ್ದಾರೆ. ತಮಿಳು, ಮಲಯಾಳ, ಕನ್ನಡ ಮೂರನ್ನೂ ಓದುವವರೂ ಇದ್ದಾರೆ. ಪ್ರತಿ ಲೈನಿನಲ್ಲಿ ಅಂಥ ಒಬ್ಬನೋ ಒಬ್ಬಳೋ ಮುಂದೆ ಬಂದು, ಯಾವ ಮನೆಗೆ ಕಾಗದ ಬಂದರೂ ಓದಿ ಅರ್ಥ ಹೇಳುವ ಹೊಣೆ ಹೊರಲಿ. ಬೆಟ್ಟ ಇಳಿದು ಹೋಗುವ ಹುಡುಗನಿಗೆ ತಾಯಿ ಬುತ್ತಿ ಕಟ್ಟಿಕೊಡುವಾಗ, ಗರಗಸದ ಕವಚವನ್ನು ಕೇಳಿ ಕೆಲಸಕ್ಕೆ ನಿಲ್ಲು ಎಂಬ ಮಾತನ್ನೂ ಸೇರಿಸಿ ಕಳುಹಿಸಲಿ. ಈ ಕೂಟ ಮುಗಿದ ಮೇಲೆ, ಮರದ ಕೆಲಸಕ್ಕೆ ಹೋದವರಿರುವ ಮನೆಯವರು ಸ್ವಲ್ಪ ಹೊತ್ತು ನಿಲ್ಲಿರಿ. ಹೆಸರುಗಳನ್ನು ಬರೆದುಕೊಳ್ಳೋಣ.